ಮುಕ್ತ ವಿಜ್ಞಾನ ಎಂದರೇನು? ಮಲೆನಾಡಿನ ಅಡಿಕೆ ಬೆಳೆಗಾರರಿಗೂ ಅದಕ್ಕೂ ಏನು ಸಂಬಂಧ?

ಸಂಶೋಧನೆಯ ಪ್ರಬಂಧ, ದತ್ತಾಂಶ, ವಿಧಾನ ಎಲ್ಲವೂ ಯಾರಿಗಾದರೂ ಓದಲು, ಬಳಸಲು ಸಿಗಬೇಕು. ಸಂಶೋಧನೆಯಲ್ಲಿ ಜನರಿಗೂ ಪಾಲಿರಬೇಕು. ಯುನೆಸ್ಕೋ 2021ರಲ್ಲಿ ಅಂಗೀಕರಿಸಿದ ಶಿಫಾರಸಿನ ತಿರುಳು ಇದೇ.

ಸಂಬಂಧ ಹಳೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದ ಹೊತ್ತಿಗೇ ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಕಾಣಿಸಿಕೊಂಡಿತು. ಅದೇ ಮಂಗನ ಕಾಯಿಲೆ. ಉಣುಗಿನಿಂದ ಹರಡುವ ಅದರ ವೈರಾಣುವಿಗೆ ಕಾಡಿನ ಹೆಸರೇ ಉಳಿದಿದೆ. ಇಂದಿಗೂ ಸತ್ತ ಮಂಗವನ್ನು ಮೊದಲು ನೋಡುವವರು ಸೊಪ್ಪು, ದರಗು (ಒಣಗಿದ ಎಲೆ) ತರಲು ಹೋದವರೇ. ಅವರು ಮುಟ್ಟದೆ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸಿದರೆ, ರೋಗ ಎಲ್ಲಿ ತಲೆಯೆತ್ತುತ್ತಿದೆ ಎಂಬುದು ಬೇಗ ಗೊತ್ತಾಗುತ್ತದೆ. ನನ್ನ ಪ್ರಕಾರ ಇದು ಅಪ್ಪಟ ವಿಜ್ಞಾನದ ಕೆಲಸ. ಮನೆಯಂಗಳದ ಮಳೆಮಾಪಕದ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಡುವ ತೋಟದವರ ಕೆಲಸವೂ ಅಷ್ಟೇ.

ಆದರೆ ಕೊಟ್ಟ ಮಾಹಿತಿ ಮರಳಿ ಬರಬೇಕಲ್ಲ? ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮೀಸಲಾಗಿದೆ. ಸಂಶೋಧನಾ ಪ್ರಬಂಧಗಳು ಪ್ರಕಟವಾಗುವ ಸುಮಾರು 13,000 ನಿಯತಕಾಲಿಕಗಳು ಅದರಡಿ ಸಿಗುತ್ತವೆ, ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಲ್ಲಿರುವವರಿಗೆ. ಕಾಲೇಜು ವಿದ್ಯಾರ್ಥಿಗಳಿಗೆ ಇದು ದೊಡ್ಡ ಅನುಕೂಲ, ನಿಜ. ತೀರ್ಥಹಳ್ಳಿಯ ಬೆಳೆಗಾರ ಎಲೆಚುಕ್ಕಿ ರೋಗದ ಪ್ರಬಂಧ ಹುಡುಕಿದರೆ ಅವನಿಗೆ ಆ ಬಾಗಿಲು ತೆರೆಯುವುದಿಲ್ಲ. ತೆರೆದರೂ ಒಳಗಿರುವುದು ಇಂಗ್ಲಿಷ್. ಪ್ರತಿ ಪ್ರಬಂಧದ ಜೊತೆ ಒಂದು ಪುಟದ ಕನ್ನಡ ಸಾರಾಂಶವನ್ನಾದರೂ ಕಡ್ಡಾಯ ಮಾಡಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.