ಯಾರು ದೊಡ್ಡ ಆಟಗಾರ? ಓದುಗರ ಪ್ರಶ್ನೆಗಳಿಗೆ ಉತ್ತರ

ನೀವು ನೋಡಿದವರಲ್ಲಿ ಅತ್ಯಂತ ದೊಡ್ಡ ಫುಟ್‌ಬಾಲ್ ಆಟಗಾರ ಯಾರು ಎಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಓದುಗರನ್ನು ಕೇಳಲಾಗಿತ್ತು. ಬಂದ ಪತ್ರಗಳಲ್ಲಿ ಉತ್ತರಗಳಿಗಿಂತ ಮರುಪ್ರಶ್ನೆಗಳೇ ಹೆಚ್ಚಾಗಿದ್ದವು. ಅವುಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮನೆಯಲ್ಲಿ ತಂದೆಯವರಿಗೆ ಪೆಲೆ, ನನಗೆ ಮರಡೋನಾ, ನನ್ನ ಮಗನಿಗೆ ಮೆಸ್ಸಿ. ಊಟಕ್ಕೆ ಕುಳಿತಾಗಲೆಲ್ಲ ಇದೇ ಜಗಳ. ತಾವು ತೀರ್ಪು ಹೇಳುವಿರಾ? (ಹಲಸೂರು, ಬೆಂಗಳೂರು)

ಉತ್ತರ: ನಿಮ್ಮ ಮನೆಗೆ ಹತ್ತಿರದ ಗೌತಮಪುರದಲ್ಲಿ ಪೆಲೆ ಅವರ ಪ್ರತಿಮೆಯೇ ಇರುವುದರಿಂದ ತಂದೆಯವರ ಪಕ್ಷಕ್ಕೆ ಸ್ಥಳಬಲ ಹೆಚ್ಚು. ಆದರೆ ತೀರ್ಪಿಗೆ ಮೊದಲು ನೀವು ಮೂವರೂ ನಿಜವಾಗಿ ನೋಡಿರುವುದು ಏನನ್ನು ಎಂದು ವಿಚಾರಿಸಬೇಕಾಗುತ್ತದೆ. 1958ರಿಂದ 1970ರ ವರೆಗೆ ಪೆಲೆ ಉಚ್ಛ್ರಾಯದಲ್ಲಿದ್ದ ಕಾಲದಲ್ಲಿ ನಮ್ಮವರು ಅವರನ್ನು ಹೆಚ್ಚಾಗಿ ಪತ್ರಿಕೆಯ ವರದಿಗಳಿಂದಲೂ ಛಾಯಾಚಿತ್ರಗಳಿಂದಲೂ ಬಲ್ಲವರಾಗಿದ್ದರು. 1977ರ ಸೆಪ್ಟೆಂಬರ್ 24ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಅವರು ನ್ಯೂಯಾರ್ಕ್ ಕಾಸ್ಮೋಸ್ ಪರವಾಗಿ ಮೋಹನ್ ಬಾಗಾನ್ ವಿರುದ್ಧ ಆಡಿದರು. ಪಂದ್ಯ 2–2ರಲ್ಲಿ ಸಮವಾಯಿತು. ಆಗ ಅವರಿಗೆ 36 ವರ್ಷ, ಮೈದಾನ ಮಳೆಗೆ ನೆನೆದು ಕೆಸರಾಗಿತ್ತು, ಮತ್ತು ಒಂದೇ ವಾರದಲ್ಲಿ ಅವರು ಆಟಕ್ಕೆ ವಿದಾಯ ಹೇಳುವವರಿದ್ದರು. ಅಲ್ಲಿ ಸೇರಿದ್ದ ಸಾವಿರಾರು ಜನ ಪೆಲೆ ಅವರನ್ನು ಕಂಡರೆಂಬುದು ನಿಜ, ಪೆಲೆ ಅವರ ಆಟವನ್ನು ಕಂಡರೆಂದು ಹೇಳುವುದು ಕಷ್ಟ. ನೀವು 1986ರ ಮೆಕ್ಸಿಕೊ ವಿಶ್ವಕಪ್ ಅನ್ನು ನಡುರಾತ್ರಿ ದೂರದರ್ಶನದ ಮುಂದೆ ಕುಳಿತು ನೋಡಿದ ಪೀಳಿಗೆಯವರು. ನಿಮ್ಮ ಮರಡೋನಾ ಆ ಒಂದು ತಿಂಗಳ ಮರಡೋನಾ. ಮಗನಿಗೆ ಮೆಸ್ಸಿ ಅವರ ಎಲ್ಲ ಪಂದ್ಯಗಳೂ ಸಿಗುತ್ತವೆ, ಆದರೆ ಅವನು ಅವುಗಳನ್ನು ಎರಡು ನಿಮಿಷಗಳ ತುಣುಕುಗಳಾಗಿ ನೋಡುತ್ತಿರಬಹುದೆಂದು ನನ್ನ ಗುಮಾನಿ.

ನನ್ನ ತೀರ್ಪನ್ನು ಕೇಳಿದಿರಾದ್ದರಿಂದ ಹೇಳುತ್ತೇನೆ. ಒಬ್ಬ ಆಟಗಾರ ಒಂದು ಪಂದ್ಯಾವಳಿಯಲ್ಲಿ ಮುಟ್ಟಿದ ಎತ್ತರವನ್ನು ಲೆಕ್ಕಕ್ಕೆ ಹಿಡಿದರೆ 1986ರ ಮರಡೋನಾ ಅವರಿಗೆ ಸಮನಾದವರಿಲ್ಲ. ಅರ್ಜೆಂಟೀನಾ ಅಲ್ಲಿ ಗಳಿಸಿದ 14 ಗೋಲುಗಳಲ್ಲಿ ಐದನ್ನು ಅವರೇ ಹೊಡೆದರು, ಮತ್ತೈದಕ್ಕೆ ಚೆಂಡು ಒದಗಿಸಿದರು. ಇಂಗ್ಲೆಂಡ್ ವಿರುದ್ಧ ಕೈಯಿಂದ ತಳ್ಳಿದ ಗೋಲನ್ನೂ, ಅದಾದ ನಾಲ್ಕೇ ನಿಮಿಷಗಳಲ್ಲಿ ಅರ್ಧ ಮೈದಾನವನ್ನು ಹಾದುಹೋಗಿ ಹೊಡೆದ ಗೋಲನ್ನೂ ಎಲ್ಲರೂ ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಫೈನಲ್ ಪಂದ್ಯ. ಪಶ್ಚಿಮ ಜರ್ಮನಿಯ ಲೋಥರ್ ಮಥಾಯಸ್ ಮರಡೋನಾ ಅವರ ಬೆನ್ನು ಬಿಡದೆ ಕಾವಲು ಕಾದರು, ಮರಡೋನಾ ಅವರಿಗೆ ಗೋಲು ಹೊಡೆಯಲಾಗಲಿಲ್ಲ, 2–0ರ ಮುನ್ನಡೆ ಕರಗಿ 2–2 ಆಯಿತು. ಆಗ ಎದುರಾಳಿಗಳು ಮುತ್ತಿಕೊಂಡಿದ್ದರೂ ಒಂದೇ ಸ್ಪರ್ಶದಲ್ಲಿ ಅವರು ಸಹ ಆಟಗಾರ ಬುರುಚಾಗ ಅವರಿಗೆ ಸಾಗಿಸಿದ ಚೆಂಡು ವಿಶ್ವಕಪ್ ಗೆದ್ದುಕೊಟ್ಟಿತು. ಇಡೀ ವೃತ್ತಿಜೀವನದ ಲೆಕ್ಕ ಹಿಡಿದರೆ ಮಾತ್ರ ನಾನು ನಿಮ್ಮ ಮಗನ ಪಕ್ಷ. ತಂದೆಯವರ ಪೆಲೆ ಕುರಿತು ಮುಂದಿನ ಉತ್ತರದಲ್ಲಿದೆ, ಅದನ್ನು ಅವರಿಗೆ ಓದಿ ಹೇಳಿ.

ಪ್ರಶ್ನೆ: ಪೆಲೆ ಸಾವಿರಕ್ಕೂ ಹೆಚ್ಚು ಗೋಲು ಹೊಡೆದರೆಂಬುದು ನಿಜವೇ, ಉತ್ಪ್ರೇಕ್ಷೆಯೇ? (ಉಡುಪಿ)

ಉತ್ತರ: ನಿಜ, ಆದರೆ ಎಲ್ಲಿ ಹೊಡೆದದ್ದು ಎಂದು ಕೇಳಬೇಕು. 1,200ಕ್ಕೂ ಮೀರಿದ ಆ ಸಂಖ್ಯೆಯಲ್ಲಿ ಸ್ಯಾಂಟೋಸ್ ಕ್ಲಬ್ ದೇಶ ದೇಶ ತಿರುಗಿ ಆಡಿದ ಸೌಹಾರ್ದ ಪಂದ್ಯಗಳೂ, ಸೇನೆಯಲ್ಲಿದ್ದಾಗ ಸೇನಾ ತಂಡಕ್ಕೆ ಆಡಿದವೂ ಸೇರಿವೆ. 1969ರ ನವೆಂಬರ್ 19ರಂದು ಮರಕಾನಾ ಕ್ರೀಡಾಂಗಣದಲ್ಲಿ ವಾಸ್ಕೊ ಡ ಗಾಮ ತಂಡದ ವಿರುದ್ಧ ಪೆನಾಲ್ಟಿಯಿಂದ ಬಂದ ಗೋಲನ್ನು ಸಾವಿರದ ಗೋಲೆಂದು ಬ್ರೆಜಿಲ್ ಆಚರಿಸಿತು. ಸ್ಪರ್ಧಾತ್ಮಕ ಪಂದ್ಯಗಳನ್ನಷ್ಟೇ ಎಣಿಸಿದರೆ ಸಂಖ್ಯೆ ಬಹಳ ಇಳಿಯುತ್ತದೆ. ಹಾಗೆಂದು ಸೌಹಾರ್ದ ಪಂದ್ಯಗಳನ್ನು ಹಗುರಾಗಿ ತಳ್ಳಿಹಾಕುವುದೂ ಸರಿಯಲ್ಲ, ಏಕೆಂದರೆ ಆ ಕಾಲದಲ್ಲಿ ಯುರೋಪಿನ ದೊಡ್ಡ ಕ್ಲಬ್‌ಗಳು ದಕ್ಷಿಣ ಅಮೆರಿಕದವರನ್ನು ಎದುರಿಸುತ್ತಿದ್ದುದು ಹೆಚ್ಚಾಗಿ ಅಂಥ ಪಂದ್ಯಗಳಲ್ಲಿಯೇ. ಪ್ರಶಸ್ತಿಯೇ ಪಣಕ್ಕಿದ್ದಾಗ ಏನಾಯಿತೆಂಬುದಕ್ಕೆ ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್‌ಗಳ ನಡುವಿನ 1962ರ ಇಂಟರ್‌ಕಾಂಟಿನೆಂಟಲ್ ಕಪ್ ಸಾಕ್ಷಿಯಾಗಿದೆ: ಬೆನ್ಫಿಕಾ ತಂಡವನ್ನು ಅದರದೇ ಊರಾದ ಲಿಸ್ಬನ್‌ನಲ್ಲಿ ಸ್ಯಾಂಟೋಸ್ 5–2ರಿಂದ ಸೋಲಿಸಿತು, ಪೆಲೆ ಹ್ಯಾಟ್ರಿಕ್ ಹೊಡೆದರು.

ಆದರೂ ಗೋಲುಗಳ ಲೆಕ್ಕದಿಂದ ಪೆಲೆ ಅವರನ್ನು ಅಳೆಯಹೊರಟರೆ ಅವರಿಗೇ ನಷ್ಟ. 1970ರ ವಿಶ್ವಕಪ್‌ನಲ್ಲಿ ಅವರು ಹೊಡೆದದ್ದು ನಾಲ್ಕು ಗೋಲು. ಅದೇ ತಂಡದ ಜೈರ್ಜಿನ್ಹೊ ಪ್ರತಿಯೊಂದು ಪಂದ್ಯದಲ್ಲೂ ಗೋಲು ಹೊಡೆದು ಏಳು ಗಳಿಸಿದರು. ಅಲ್ಲಿ ಪೆಲೆ ಅವರಿಂದ ಜನ ಇಂದಿಗೂ ಮರೆಯದ ಮೂರು ಗಳಿಗೆಗಳಲ್ಲಿ ಒಂದೂ ಗೋಲಾಗಲಿಲ್ಲ. ಚೆಕೊಸ್ಲೊವಾಕಿಯಾ ಗೋಲ್‌ಕೀಪರ್ ಮುಂದೆ ಬಂದಿದ್ದನ್ನು ಕಂಡು ತಮ್ಮ ಅರ್ಧದಿಂದಲೇ ಎತ್ತಿ ಹೊಡೆದ ಚೆಂಡು ಸ್ವಲ್ಪದರಲ್ಲಿ ಹೊರಹೋಯಿತು. ತಲೆಯಿಂದ ಕೆಳಕ್ಕೆ ಹೊಡೆದದ್ದನ್ನು ಇಂಗ್ಲೆಂಡಿನ ಗಾರ್ಡನ್ ಬ್ಯಾಂಕ್ಸ್ ನಂಬಲಾಗದಂತೆ ತಡೆದರು. ಉರುಗ್ವೆಯ ಗೋಲ್‌ಕೀಪರ್‌ನ ಒಂದು ಬದಿಗೆ ಚೆಂಡನ್ನು ಮುಟ್ಟದೆ ಬಿಟ್ಟು, ತಾವು ಇನ್ನೊಂದು ಬದಿಯಿಂದ ಸುತ್ತಿ ಬಂದು ಹೊಡೆದದ್ದು ಕಂಬದ ಪಕ್ಕದಿಂದ ಜಾರಿತು. ಇವು ಯಾವ ಅಂಕಿಅಂಶದ ಪಟ್ಟಿಯಲ್ಲೂ ಇಲ್ಲ. ತಲೆ, ಎರಡೂ ಕಾಲು, ವೇಗ, ಪಾಸ್, ಮೈದಾನವನ್ನು ಓದುವ ಬುದ್ಧಿ, ಇವೆಲ್ಲವೂ ಒಬ್ಬರಲ್ಲೇ ಕೊರತೆಯಿಲ್ಲದೆ ಸೇರಿದ್ದನ್ನು ನೋಡಬೇಕಾದರೆ ಪೆಲೆ ಅವರಲ್ಲೇ ನೋಡಬೇಕು.

ಪ್ರಶ್ನೆ: ಮೆಸ್ಸಿ ಅವರಿಗೆ ಎಂಟು ಬ್ಯಾಲನ್ ಡಿ'ಓರ್, ರೊನಾಲ್ಡೊ ಅವರಿಗೆ ಐದು, ಪೆಲೆ ಮತ್ತು ಮರಡೋನಾ ಅವರಿಗೆ ಒಂದೂ ಇಲ್ಲ. ಇಷ್ಟಿದ್ದ ಮೇಲೆ ಚರ್ಚೆಯಾದರೂ ಏಕೆ? (ಹುಬ್ಬಳ್ಳಿ)

ಉತ್ತರ: ವರ್ಷದ ಅತ್ಯುತ್ತಮ ಆಟಗಾರನಿಗೆಂದು 1956ರಲ್ಲಿ ಆರಂಭವಾದ ಆ ಪ್ರಶಸ್ತಿಯನ್ನು 1995ಕ್ಕೆ ಮೊದಲು ಯುರೋಪಿನ ಆಟಗಾರರಿಗಷ್ಟೇ ಕೊಡುತ್ತಿದ್ದರು. ಹಾಗಾಗಿ ಬ್ರೆಜಿಲ್ಲಿನ, ಅರ್ಜೆಂಟೀನಾದ ಆಟಗಾರರಿಗೆ ಅದು ನಿಯಮದ ಪ್ರಕಾರವೇ ದಕ್ಕುವಂತಿರಲಿಲ್ಲ. ಪ್ರಶಸ್ತಿ ಕೊಡುವ ಫ್ರಾನ್ಸ್ ಫುಟ್‌ಬಾಲ್ ಪತ್ರಿಕೆಯೇ 2016ರಲ್ಲಿ ಹಳೆಯ ವರ್ಷಗಳನ್ನು ಮರುಪರಿಶೀಲಿಸಿ, ಆ ನಿಬಂಧನೆ ಇಲ್ಲದಿದ್ದರೆ ಪೆಲೆ ಅವರಿಗೆ ಏಳು, ಮರಡೋನಾ ಅವರಿಗೆ ಎರಡು ಸಲ್ಲುತ್ತಿದ್ದವೆಂದು ಬರೆಯಿತು.

ಪ್ರಶ್ನೆ: ಮೆಸ್ಸಿ, ರೊನಾಲ್ಡೊ ಇಬ್ಬರಲ್ಲಿ ಯಾರು ಮೇಲು? ದಯವಿಟ್ಟು ಜಾರಿಕೊಳ್ಳುವ ಉತ್ತರ ಬೇಡ. (ದಾವಣಗೆರೆ)

ಉತ್ತರ: ಮೆಸ್ಸಿ. ಕಾರಣವನ್ನೂ ಹೇಳಿಬಿಡುತ್ತೇನೆ. ಗೋಲು ಹೊಡೆಯುವುದರಲ್ಲಿ ಇಬ್ಬರೂ ಸರಿಸುಮಾರು ಸಮ. ಹೆಡರ್‌ನಲ್ಲಿಯೂ ದೈಹಿಕ ಶಿಸ್ತಿನಲ್ಲಿಯೂ ರೊನಾಲ್ಡೊ ಒಂದು ಕೈ ಮೇಲು. ಮ್ಯಾಂಚೆಸ್ಟರ್‌ನಲ್ಲಿ ಅಂಚಿನಲ್ಲಿ ಓಡುತ್ತಿದ್ದ ಹುಡುಗ ಮ್ಯಾಡ್ರಿಡ್‌ಗೆ ಹೋಗಿ, ಗೋಲಿನ ಮುಂದೆ ಎಲ್ಲಿ ಯಾವಾಗ ನಿಲ್ಲಬೇಕೆಂಬುದನ್ನು ಕರಗತ ಮಾಡಿಕೊಂಡು ತನ್ನ ಆಟವನ್ನೇ ಬದಲಿಸಿಕೊಂಡದ್ದು ಅಸಾಧಾರಣ ಸಾಧನೆ. 2018ರ ಏಪ್ರಿಲ್‌ನಲ್ಲಿ ಟೂರಿನ್‌ನಲ್ಲಿ ಅವರು ಹೊಡೆದ ಬೈಸಿಕಲ್ ಕಿಕ್‌ಗೆ ಎದುರಾಳಿ ಯುವೆಂಟಸ್ ತಂಡದ ಅಭಿಮಾನಿಗಳೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೆ ಗೋಲು ಬರುವುದಕ್ಕೆ ಹತ್ತು ಸೆಕೆಂಡು ಮುಂಚಿನ ಆಟವನ್ನು ನೋಡಿ. ರೊನಾಲ್ಡೊ ಆ ಆಟದ ಕೊನೆಯಲ್ಲಿರುತ್ತಾರೆ, ಮೆಸ್ಸಿ ಬಹಳ ಸಲ ಅದರ ಆರಂಭದಲ್ಲೂ ಕೊನೆಯಲ್ಲೂ ಇರುತ್ತಾರೆ. ಮೆಸ್ಸಿ ಮೈದಾನದಲ್ಲಿ ಬರೀ ನಡೆಯುತ್ತಾರೆಂದು ದೂರುವವರು ಅವರು ನಡೆಯುವಾಗ ಕತ್ತು ಎಷ್ಟು ಬಾರಿ ತಿರುಗುತ್ತದೆ ಎಂಬುದನ್ನು ಗಮನಿಸಬೇಕು, ಏಕೆಂದರೆ ಎದುರಾಳಿಯ ರಕ್ಷಣಾ ಸಾಲಿನಲ್ಲಿ ಬಿರುಕು ಎಲ್ಲಿ ಬೀಳುತ್ತದೆಂದು ಅವರು ಕಂಡುಕೊಳ್ಳುವುದು ಆಗಲೇ.

2022ಕ್ಕೆ ಮೊದಲು ವಿಶ್ವಕಪ್‌ನ ನಾಕೌಟ್ ಪಂದ್ಯಗಳಲ್ಲಿ ಮೆಸ್ಸಿ ಒಂದೂ ಗೋಲು ಹೊಡೆದಿರಲಿಲ್ಲ ಎಂಬ ಟೀಕೆಯಲ್ಲಿ ಹುರುಳಿತ್ತು. ಆ ವರ್ಷ ಕತಾರ್‌ನಲ್ಲಿ ಅವರು ಆಸ್ಟ್ರೇಲಿಯಾ, ನೆದರ್ಲೆಂಡ್ಸ್, ಕ್ರೊಯೇಷಿಯಾ ಮತ್ತು ಫೈನಲ್‌ನಲ್ಲಿ ಫ್ರಾನ್ಸ್, ಈ ನಾಲ್ಕೂ ತಂಡಗಳ ವಿರುದ್ಧ ಗೋಲು ಹೊಡೆದರು. ಆ ಬಳಿಕವೂ ಟೀಕೆಯನ್ನು ಮುಂದುವರಿಸಿದವರು ಬೇರೆ ಕಾರಣ ಹುಡುಕಬೇಕಾಯಿತು, ಹುಡುಕಿಯೂ ಹುಡುಕಿದರು.

ಪ್ರಶ್ನೆ: ಹಳೆಯ ಆಟಗಾರರು ಇಂದಿನ ವೇಗಕ್ಕೆ ನಿಲ್ಲುತ್ತಿರಲಿಲ್ಲ ಎಂದು ನನ್ನ ಸ್ನೇಹಿತರ ವಾದ. ತಮ್ಮ ಅಭಿಪ್ರಾಯ? (ಮಂಗಳೂರು)

ಉತ್ತರ: ಇಂದಿನವರು ಅಂದಿನ ಒದೆತಗಳಿಗೆ ನಿಲ್ಲುತ್ತಿದ್ದರೇ ಎಂದು ಅವರನ್ನು ತಿರುಗಿ ಕೇಳಿ. ವಿಶ್ವಕಪ್‌ನಲ್ಲಿ ಹಳದಿ, ಕೆಂಪು ಕಾರ್ಡುಗಳೂ ಬದಲಿ ಆಟಗಾರರೂ ಬಂದದ್ದು 1970ರಲ್ಲಿ. 1966ರಲ್ಲಿ ಪೋರ್ಚುಗಲ್ ಆಟಗಾರರು ಪೆಲೆ ಅವರನ್ನು ಬೀಳಿಸಿ ಗಾಯಗೊಳಿಸಿದಾಗ ಬದಲಿ ಇಳಿಸುವಂತಿರಲಿಲ್ಲವಾದ್ದರಿಂದ ಅವರು ಕುಂಟುತ್ತಲೇ ಮೈದಾನದಲ್ಲಿ ಉಳಿಯಬೇಕಾಯಿತು. 1982ರಲ್ಲಿ ಇಟಲಿ ತಂಡ ಮರಡೋನಾ ಅವರ ಮೇಲೆ ಒಂದೇ ಪಂದ್ಯದಲ್ಲಿ 23 ಫೌಲ್ ಮಾಡಿತು. ಅವರನ್ನು ಕಾಯುತ್ತಿದ್ದ ಕ್ಲಾಡಿಯೊ ಜೆಂಟೀಲೆ ಪೂರ್ತಿ 90 ನಿಮಿಷ ಆಡಿ ಮುಗಿಸಿದರು. ಮರುವರ್ಷ ಸ್ಪೇನ್‌ನಲ್ಲಿ ಆಂಡೊನಿ ಗೊಯ್ಕೊಎಟ್ಸೆಯಾ ಅವರು ಹಿಂದಿನಿಂದ ನುಗ್ಗಿದ್ದಕ್ಕೆ ಮರಡೋನಾ ಅವರ ಕಾಲಿನ ಗೆಣ್ಣು ಮುರಿಯಿತು. ಹಿಂದಿನಿಂದ ಬೀಳಿಸುವುದರ ವಿರುದ್ಧ ನಿಯಮಗಳು ಬಿಗಿಯಾದದ್ದು 1990ರ ದಶಕದಲ್ಲಿ. ಇಂದಿನ ಆಹಾರ, ವ್ಯಾಯಾಮ, ಹುಲ್ಲಿನ ಮೈದಾನ ಸಿಕ್ಕಿದ್ದರೆ ಹಳಬರೂ ಇಂದಿನ ವೇಗಕ್ಕೆ ಒಗ್ಗಿಕೊಳ್ಳುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಪ್ರಶ್ನೆ: ರಕ್ಷಣಾ ಆಟಗಾರರೂ ಗೋಲ್‌ಕೀಪರ್‌ಗಳೂ ಈ ಪಟ್ಟಿಗಳಲ್ಲಿ ಏಕೆ ಕಾಣುವುದಿಲ್ಲ? (ಶಿವಮೊಗ್ಗ)

ಉತ್ತರ: ಅವರು ಚೆನ್ನಾಗಿ ಆಡಿದಾಗ ಏನೂ ನಡೆಯುವುದಿಲ್ಲ, ನಡೆಯದಿದ್ದುದಕ್ಕೆ ತುಣುಕು ಮಾಡುವವರೂ ಇಲ್ಲ. ಬ್ಯಾಲನ್ ಡಿ'ಓರ್ ಪಡೆದ ಏಕೈಕ ಗೋಲ್‌ಕೀಪರ್ ಸೋವಿಯತ್ ಒಕ್ಕೂಟದ ಲೆವ್ ಯಾಶಿನ್, ಅದೂ 1963ರಲ್ಲಿ. ಇಟಲಿಯ ಫ್ರಾಂಕೊ ಬರೇಸಿ ಅವರಿಗೆ ಆದ ಅನ್ಯಾಯವಂತೂ ನನ್ನನ್ನು ಇಂದಿಗೂ ಕಾಡುತ್ತದೆ. 1994ರ ವಿಶ್ವಕಪ್‌ನ ಎರಡನೇ ಪಂದ್ಯದಲ್ಲಿ ಅವರ ಮೊಣಕಾಲಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಯಿತು. ಒಂದು ತಿಂಗಳೂ ಕಳೆಯುವ ಮೊದಲೇ ಫೈನಲ್‌ಗೆ ಇಳಿದು, ಬ್ರೆಜಿಲ್ಲಿನ ರೊಮಾರಿಯೊ ಮತ್ತು ಬೆಬೆಟೊ ಜೋಡಿಗೆ 120 ನಿಮಿಷಗಳಲ್ಲಿ ಒಂದೇ ಒಂದು ಗೋಲನ್ನೂ ಅವರು ಬಿಟ್ಟುಕೊಡಲಿಲ್ಲ. ಜನ ನೆನಪಿಟ್ಟುಕೊಂಡದ್ದು ಕೊನೆಗೆ ಅವರು ಮೇಲಕ್ಕೆ ಹೊಡೆದು ಕಳೆದುಕೊಂಡ ಪೆನಾಲ್ಟಿಯನ್ನು. ಹಿಂದಿನ ಸಾಲಿನಿಂದ ಮೊದಲ ಪಂಕ್ತಿಗೆ ನಿರ್ವಿವಾದವಾಗಿ ಬಂದವರು ಫ್ರಾಂಜ್ ಬೆಕೆನ್‌ಬಾವರ್ ಒಬ್ಬರೇ, ಅವರೂ ಚೆಂಡು ಹಿಡಿದು ಮುನ್ನುಗ್ಗುತ್ತಿದ್ದರಿಂದ.

ಪ್ರಶ್ನೆ: ನಾನು ಕಾಲೇಜು ತಂಡದಲ್ಲಿ ಆಡುವ ವಿದ್ಯಾರ್ಥಿನಿ. ಈ ಚರ್ಚೆಗಳಲ್ಲಿ ಮಹಿಳೆಯರ ಹೆಸರೇ ಬರುವುದಿಲ್ಲವಲ್ಲ? (ಬೆಳಗಾವಿ)

ಉತ್ತರ: ಬರಬೇಕು. ಬ್ರೆಜಿಲ್ಲಿನ ಮಾರ್ತಾ ವಿಶ್ವಕಪ್‌ಗಳಲ್ಲಿ 17 ಗೋಲು ಹೊಡೆದಿದ್ದಾರೆ. 2014ರಲ್ಲಿ ಪುರುಷರ ದಾಖಲೆ ಬರೆದ ಜರ್ಮನಿಯ ಮಿರೊಸ್ಲಾವ್ ಕ್ಲೋಸೆ ಹೊಡೆದದ್ದು 16. ಮಾರ್ತಾ ಹುಟ್ಟುವುದಕ್ಕೆ ಕೆಲವೇ ವರ್ಷಗಳ ಹಿಂದೆ, 1979ರ ವರೆಗೂ, ಬ್ರೆಜಿಲ್ಲಿನಲ್ಲಿ ಮಹಿಳೆಯರು ಫುಟ್‌ಬಾಲ್ ಆಡುವುದು ಕಾನೂನಿನ ಪ್ರಕಾರ ನಿಷಿದ್ಧವಾಗಿತ್ತು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯೂ 1921ರಿಂದ ಸುಮಾರು ಐವತ್ತು ವರ್ಷ ತನ್ನ ಕ್ಲಬ್‌ಗಳ ಮೈದಾನಗಳನ್ನು ಮಹಿಳೆಯರಿಗೆ ಮುಚ್ಚಿತ್ತು. ಆದ್ದರಿಂದ ಹಿಂದಿನ ಶ್ರೇಷ್ಠ ಆಟಗಾರ್ತಿಯರನ್ನು ನಾವು ಮರೆತಿಲ್ಲ, ಅವರು ಆಡದಂತೆಯೇ ತಡೆಯಲಾಗಿತ್ತು. 2007ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಅಮೆರಿಕದ ವಿರುದ್ಧ ಮಾರ್ತಾ ಹೊಡೆದ ಎರಡನೇ ಗೋಲನ್ನು ನೋಡಿ: ಗೋಲಿಗೆ ಬೆನ್ನು ಮಾಡಿ ನಿಂತು, ಚೆಂಡನ್ನು ಒಂದು ಬದಿಯಿಂದ ಚಿಮ್ಮಿಸಿ, ತಾವು ಇನ್ನೊಂದು ಬದಿಯಿಂದ ರಕ್ಷಕಿಯನ್ನು ಸುತ್ತಿ ಬಂದು ಹೊಡೆದದ್ದು. ಮರಡೋನಾ ಹೊಡೆದಿದ್ದರೆ ಅದಕ್ಕೊಂದು ಹೆಸರು ಇಟ್ಟಿರುತ್ತಿದ್ದರು.

ಪ್ರಶ್ನೆ: ನಮ್ಮವರಲ್ಲಿ ಯಾರು? ಸುನಿಲ್ ಛೆಟ್ರಿ ಎಂದರೆ ಒಪ್ಪುವಿರಾ? (ಆಸ್ಟಿನ್ ಟೌನ್, ಬೆಂಗಳೂರು)

ಉತ್ತರ: ನನ್ನ ಕಣ್ಣಾರೆ ಕಂಡವರಲ್ಲಿ ಛೆಟ್ರಿ, ಅನುಮಾನವಿಲ್ಲದೆ. ಭಾರತಕ್ಕಾಗಿ 90ಕ್ಕೂ ಹೆಚ್ಚು ಗೋಲು ಹೊಡೆದಿರುವ ಅವರನ್ನು 2013ರಿಂದ ಬೆಂಗಳೂರು ಎಫ್‌ಸಿಯಲ್ಲಿ ನಮ್ಮ ಊರಿನ ಪ್ರೇಕ್ಷಕರು ಎಷ್ಟು ಬೇಕಾದರೂ ನೋಡಿದ್ದಾರೆ. ಆದರೆ ನಿಮ್ಮ ಬಡಾವಣೆಯ ಹಿರಿಯರನ್ನು ಕೇಳಿದರೆ ಅಹ್ಮದ್ ಖಾನ್ ಎನ್ನುತ್ತಾರೆ, ಆ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಬೆಂಗಳೂರಿನವರೇ ಆದ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿದರು. ಅಲ್ಲಿ ಫ್ರಾನ್ಸ್ ವಿರುದ್ಧ 1–2ರಿಂದ ಸೋತ ಪಂದ್ಯದಲ್ಲಿ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ನಮ್ಮ ಊರಿನವರೇ. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10–1ರಿಂದ ಸೋಲಿಸಿದಾಗ ಆ ಒಂದು ಗೋಲು ಅಹ್ಮದ್ ಖಾನ್ ಅವರದ್ದು. ಕೋಲ್ಕತ್ತದಲ್ಲಿ ಈಸ್ಟ್ ಬೆಂಗಾಲ್ ತಂಡದ ಐವರು ಮುಂಪಡೆ ಆಟಗಾರರನ್ನು ಜನ ಪಂಚಪಾಂಡವರೆಂದು ಕರೆಯುತ್ತಿದ್ದರು. ಅವರಲ್ಲಿ ಇವರೂ ಒಬ್ಬರು. ಆ ಆಟವನ್ನು ಅಳೆಯಲು ನಮಗೆ ಉಳಿದಿರುವುದು ಕಂಡವರ ಮಾತಷ್ಟೇ. ಅವರೊಡನೆ ಕುಳಿತು ಕೇಳಿ ಬರೆದಿಟ್ಟುಕೊಳ್ಳಲು ಇನ್ನು ಹೆಚ್ಚು ಕಾಲವಿಲ್ಲ.

ಪ್ರಶ್ನೆ: ಹೊಸಬರು ಯಾವ ಹಳೆಯ ಪಂದ್ಯಗಳನ್ನು ನೋಡಬೇಕು? (ಮೈಸೂರು)

ಉತ್ತರ: 1960ರ ಯುರೋಪಿಯನ್ ಕಪ್ ಫೈನಲ್‌ನಿಂದ ಆರಂಭಿಸಿ. ರಿಯಲ್ ಮ್ಯಾಡ್ರಿಡ್ 7–3ರಿಂದ ಗೆದ್ದ ಆ ಪಂದ್ಯದಲ್ಲಿ ಪುಷ್ಕಾಶ್ ನಾಲ್ಕು, ಡಿ ಸ್ಟೆಫಾನೊ ಮೂರು ಗೋಲು ಹೊಡೆದರು. ಡಿ ಸ್ಟೆಫಾನೊ ವಿಶ್ವಕಪ್‌ನಲ್ಲಿ ಒಂದೂ ಪಂದ್ಯ ಆಡದಿದ್ದರೂ ಹಿರಿಯರು ಅವರ ಹೆಸರು ಹೇಳುವುದೇಕೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ನಂತರ 1970ರ ಬ್ರೆಜಿಲ್–ಇಟಲಿ ಫೈನಲ್, 1974ರಲ್ಲಿ ಕ್ರಾಯ್ಫ್ ಆಡಿದ ನೆದರ್ಲೆಂಡ್ಸ್–ಬ್ರೆಜಿಲ್ ಪಂದ್ಯ, 1986ರ ಅರ್ಜೆಂಟೀನಾ–ಇಂಗ್ಲೆಂಡ್, ಕೊನೆಗೆ 2022ರ ಫೈನಲ್. ಪ್ರತಿ ಪಂದ್ಯದಲ್ಲೂ ಹತ್ತು ನಿಮಿಷ ಚೆಂಡನ್ನು ಬಿಟ್ಟು ನಿಮ್ಮ ಮೆಚ್ಚಿನ ಆಟಗಾರನನ್ನಷ್ಟೇ ಕಣ್ಣಿನಿಂದ ಹಿಂಬಾಲಿಸಿ.