ಮೌತ್‌ಪೀಸಿಗೆ ಯಾವ ಪ್ಯಾಚ್? ತೆಳುವೋ, ದಪ್ಪವೋ?

ಪ್ರಶ್ನೆ: ಮಾಷ್ಟ್ರೇ, ನಮಸ್ಕಾರ. ನಾನು ಕುಂಬಳೆಯವನು. ನಮ್ಮ ಅಜ್ಜ ನಾಗಸ್ವರ ಊದುತ್ತಿದ್ದರು. ನಾನು ಸ್ಯಾಕ್ಸೋಫೋನ್ ಹಿಡಿದು ಮೂರು ವರ್ಷ ಆಯಿತು. ಒಂದು ತಂಡದ ಜೊತೆ ಉತ್ಸವಕ್ಕೂ ಮದುವೆಗೂ ಹೋಗುತ್ತೇನೆ. ನನ್ನದು ಆಲ್ಟೋ ಬಗೆಯದ್ದು. ಕಳೆದ ವರ್ಷ ಒಳ್ಳೆಯ ಎಬೊನೈಟ್ (ಗಟ್ಟಿ ರಬ್ಬರ್) ಮೌತ್‌ಪೀಸ್ ತೆಗೆದುಕೊಂಡೆ. ಅದರ ಮೇಲೆ ಆಗಲೇ ಹಲ್ಲಿನ ಎರಡು ಗುಳಿ ಬಿದ್ದಿವೆ. ಮೇಲಿನ ಹಲ್ಲು ಕೂರುವ ಜಾಗಕ್ಕೆ ಪ್ಯಾಚ್ ಎಂಬ ಮೆತ್ತನೆಯ ತುಂಡು ಅಂಟಿಸು ಎಂದು ಒಬ್ಬರು ಹೇಳಿದರು. ಆನ್‌ಲೈನಿನಲ್ಲಿ ನೋಡಿದರೆ ಬಣ್ಣವಿಲ್ಲದ್ದು, ಕಪ್ಪು, ತೆಳು, ದಪ್ಪ ಎಂದು ತಲೆ ತಿರುಗುವಷ್ಟು ಉಂಟು. ನಮ್ಮ ತಂಡದ ಹಿರಿಯರು "ಅದು ಹಾಕಿದರೆ ನಾದ ಹೋಗ್ತದೆ" ಅನ್ನುತ್ತಾರೆ. ಡೋಲಿನವನು "ಸುಮ್ನೆ ಕರೆಂಟಿನ ಟೇಪು ಅಂಟಿಸು, ಸಾಕು" ಅನ್ನುತ್ತಾನೆ. ಎಂತ ಮಾಡುವುದು?

ಉತ್ತರ: ಮೊದಲು ಡೋಲಿನವರಿಗೆ ಉತ್ತರ ಕೊಟ್ಟುಬಿಡುತ್ತೇನೆ. ಯಾಕೆಂದರೆ ಆ ಪ್ರಯೋಗ ನಾನೇ ಮಾಡಿ ಮರ್ಯಾದೆ ಕಳೆದುಕೊಂಡವನು.

ನನಗೆ ಆಗ ಇಪ್ಪತ್ತು ಇಪ್ಪತ್ತೊಂದು ವರ್ಷ. ಪ್ಯಾಚ್ ಎಂಬ ವಸ್ತು ಉಂಟೆಂದೇ ಗೊತ್ತಿರಲಿಲ್ಲ. ಮೌತ್‌ಪೀಸಿನ ಮೇಲೆ ಹಲ್ಲು ಜಾರುತ್ತಿತ್ತು, ಎರಡು ಪದರ ಕರೆಂಟಿನ ಟೇಪು ಅಂಟಿಸಿದೆ. ಬೆಳಿಗ್ಗೆ ಏನೂ ತೊಂದರೆ ಇಲ್ಲ. ಹಗಲಿನ ಉತ್ಸವ, ಕುಂಭ ತಿಂಗಳ ಬಿಸಿಲು. ಬಲಿ, ಅಂದರೆ ದೇವರ ಪ್ರದಕ್ಷಿಣೆ, ಮೂರನೇ ಸುತ್ತಿಗೆ ಬರುವಾಗ ಟೇಪಿನ ಅಂಟು ಕರಗಿ ಬೆಲ್ಲದ ಪಾಕದ ಹಾಗಾಯಿತು. ಟೇಪು ಮುಂದಕ್ಕೆ ಜಾರಿತು, ಅದರ ಜೊತೆ ಹಲ್ಲೂ ಜಾರಿತು, ರೀಡ್ (ನಡುಗಿ ಸದ್ದು ಕೊಡುವ ಪಟ್ಟಿ) "ಕೀಂಯ್" ಎಂದಿತು. ದೇವರನ್ನು ಹೊತ್ತವರೇ ತಿರುಗಿ ನೋಡಿದರು. ಆ ಅಂಟು ತೆಗೆಯಲು ಎರಡು ದಿನ ಬೇಕಾಯಿತು. ಬಾಯಿಯ ರುಚಿ ಹೋಗಲು ಇನ್ನೂ ಒಂದು ದಿನ. ಅದು ತಂತಿಗೆ ಸುತ್ತುವ ಟೇಪು, ಗಂಟೆಗಟ್ಟಲೆ ಬಾಯಿಯಲ್ಲಿ ಇಟ್ಟುಕೊಳ್ಳಲು ಮಾಡಿದ್ದಲ್ಲ. ಸೈಕಲ್ ಟ್ಯೂಬಿನ ತುಂಡು, ಸೊಲ್ಯೂಶನ್ ಇವೂ ಬೇಡ.

ಇನ್ನು ಪ್ಯಾಚ್ ವಿಷಯ. ಅಂಗಡಿಯಲ್ಲಿ ಬಣ್ಣ ನೋಡಬೇಡಿ, ಪ್ಯಾಕೆಟ್ಟಿನ ಮೇಲೆ ಬರೆದ ಮಿಲಿಮೀಟರ್ ನೋಡಿ. ವ್ಯಾಂಡೊರೆನ್ ಕಂಪನಿಯದ್ದು ಎರಡು ಬಗೆ: ಬಣ್ಣವಿಲ್ಲದ್ದು 0.35 ಮಿ.ಮೀ., ಕಪ್ಪು 0.80 ಮಿ.ಮೀ. ಒಂದು ಪ್ಯಾಕೆಟ್ಟಿನಲ್ಲಿ ಆರು ಇರುತ್ತವೆ. ಬೇರೆ ಕಂಪನಿಗಳದ್ದರಲ್ಲಿ ಇವೆರಡರ ನಡುವಿನ ದಪ್ಪವೂ ಸಿಗುತ್ತದೆ. ಕಣ್ಣಿಗೆ ಅರ್ಧ ಮಿಲಿಮೀಟರ್ ಏನೂ ಅಲ್ಲ. ಬಾಯಿಗೆ ಹಾಗಲ್ಲ. ನಿಮ್ಮ ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಅಂದರೆ ಕಪ್ಪು ಪ್ಯಾಚ್ ಅಂಟಿಸಿದಿರಿ ಎಂದರೆ ಹೆಚ್ಚುಕಡಿಮೆ ಒಂದು ಎಟಿಎಂ ಕಾರ್ಡನ್ನು ಮೌತ್‌ಪೀಸಿನ ಮೇಲೆ ಇಟ್ಟು ಕಚ್ಚಿದ ಹಾಗೆ. ಬಾಯಿ ಅಷ್ಟು ಜಾಸ್ತಿ ತೆರೆಯಬೇಕು. ಮೂರು ವರ್ಷ ಒಂದೇ ಅಳತೆಗೆ ಒಗ್ಗಿದ ದವಡೆಗೆ ಅದು ದೊಡ್ಡ ಬದಲಾವಣೆ.

ಹಾಗಾಗಿ ಯಾರು ಕೇಳಿದರೂ ನಾನು ಹೇಳುವುದು, ತೆಳುವಿನಿಂದ ಶುರು ಮಾಡಿ. 0.3 ಅಥವಾ 0.35. ಹಲ್ಲು ಜಾರದೆ ಒಂದೇ ಜಾಗದಲ್ಲಿ ನಿಲ್ಲಲು, ಮೌತ್‌ಪೀಸ್ ಸವೆಯದಿರಲು ಅಷ್ಟು ಧಾರಾಳ ಸಾಕು. ದಪ್ಪದ್ದು ಬೇಕಾಗುವುದು ಕೆಲವರಿಗೆ. ಮೌತ್‌ಪೀಸಿನ ನಡುಕದಿಂದ ಮುಂದಿನ ಹಲ್ಲು ಜುಮ್ಮೆನ್ನುವವರಿಗೆ, ಬೇರುಚಿಕಿತ್ಸೆ ಮಾಡಿಸಿ ಹಲ್ಲಿಗೆ ಟೋಪಿ (ಕ್ರೌನ್) ಹಾಕಿಸಿಕೊಂಡವರಿಗೆ. ಲೋಹದ ಮೌತ್‌ಪೀಸ್ ಊದುವವರಿಗೂ ಕೆಲವು ಸಲ ದಪ್ಪದ್ದು ಹಿತ. ಲೋಹದ್ದರ ಕೊಕ್ಕು ಎಬೊನೈಟಿನದಕ್ಕಿಂತ ಸಪೂರ, ಮೇಲೆ 0.8 ಅಂಟಿಸಿದರೆ ಬಾಯಿಗೆ ಹಳೆಯ ಅಳತೆ ಹತ್ತಿರ ಹತ್ತಿರ ಸಿಗುತ್ತದೆ.

ನಿಮ್ಮದರಲ್ಲಿ ಗುಳಿ ಬಿದ್ದಿದೆ ಅಂದಿರಲ್ಲ, ಅದು ಎಷ್ಟು ಆಳ ಎಂದು ಉಗುರಿನಿಂದ ಸವರಿ ನೋಡಿ. ಉಗುರು ಸ್ವಲ್ಪ ತಡೆದು ದಾಟಿದರೆ ತೆಳು ಪ್ಯಾಚೇ ಸಾಕು. ಉಗುರು ಒಳಗೆ ಇಳಿದು ನಿಂತರೆ ತೆಳುವಾದದ್ದು ಗುಳಿಯೊಳಗೆ ಕುಸಿಯುತ್ತದೆ, ಅಡಿಯಲ್ಲಿ ಎಂಜಲು ನಿಂತು ನಾಲ್ಕು ದಿನಕ್ಕೆ ಏಳುತ್ತದೆ. ಆಗ ಮಾತ್ರ ದಪ್ಪದ್ದು ತೆಗೆದುಕೊಳ್ಳಿ.

ಈಗ ನಿಮ್ಮ ಹಿರಿಯರ ಮಾತು. ಅವರು ಸುಳ್ಳು ಹೇಳುತ್ತಿಲ್ಲ. ಅವರ ಕಿವಿಗೆ ನಾದ ನಿಜವಾಗಿಯೂ ಕಡಿಮೆಯಾಗಿರುತ್ತದೆ. ಊದುವವನಿಗೆ ತನ್ನ ಸದ್ದು ಎರಡು ದಾರಿಯಲ್ಲಿ ಬರುತ್ತದೆ. ಒಂದು ಗಾಳಿಯಲ್ಲಿ, ಕೇಳುಗರಿಗೆ ಬಂದ ಹಾಗೆಯೇ. ಇನ್ನೊಂದು ಮೌತ್‌ಪೀಸಿನಿಂದ ಹಲ್ಲಿಗೆ, ಹಲ್ಲಿನಿಂದ ತಲೆಬುರುಡೆಯ ಎಲುಬಿಗೆ, ಅಲ್ಲಿಂದ ಒಳಕಿವಿಗೆ. ಪ್ಯಾಚ್ ಈ ಎರಡನೇ ದಾರಿಗೆ ಹಾಸಿದ ಗೋಣಿ. ದಪ್ಪ ಆದಷ್ಟೂ ತಲೆಯೊಳಗಿನ ಝೇಂಕಾರ ಕಡಿಮೆ. ಎದುರು ಕುಳಿತವರಿಗೆ ಆ ವ್ಯತ್ಯಾಸ ಹೆಚ್ಚಾಗಿ ಗೊತ್ತೇ ಆಗುವುದಿಲ್ಲ. ಬೇಕಾದರೆ ನಿಮ್ಮ ಹಿರಿಯರನ್ನೇ ಹತ್ತು ಹೆಜ್ಜೆ ದೂರ ಬೆನ್ನು ಹಾಕಿ ನಿಲ್ಲಿಸಿ. ಮೋಹನದ ಆರೋಹಣ ಒಮ್ಮೆ ಪ್ಯಾಚ್ ಇಲ್ಲದೆ, ಒಮ್ಮೆ ಹಾಕಿ ಊದಿ, ಯಾವುದು ಯಾವುದೆಂದು ಕೇಳಿ. ಜಗಳ ಆದರೆ ನನ್ನ ಹೆಸರು ಹೇಳಬೇಡಿ.

ಒಂದು ಎಚ್ಚರಿಕೆ ಮಾತ್ರ ಉಂಟು. ತಲೆಯೊಳಗೆ ಸದ್ದು ಕಡಿಮೆಯಾಯಿತೆಂದು ಹೊಸಬರು ಜೋರಾಗಿ ಊದಲು ಹೋಗುತ್ತಾರೆ, ಶ್ರುತಿ ಅತ್ತಿತ್ತ ಆಗುತ್ತದೆ. ಮೊದಲ ಒಂದು ವಾರ ಶ್ರುತಿಪೆಟ್ಟಿಗೆ ಇಟ್ಟು ಮನೆಯಲ್ಲೇ ದೀರ್ಘ ಸ್ವರ ಊದಿ ಒಗ್ಗಿಸಿಕೊಳ್ಳಿ. ಹೊಸ ಪ್ಯಾಚ್ ಅಂಟಿಸಿ ಅದೇ ದಿನ ಮದುವೆಮನೆಗೆ ಹೋಗಬೇಡಿ.

ಇಷ್ಟು ಪ್ಯಾಚಿನ ಮಾತಾಯಿತು. ಆದರೆ ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ಬೇರೆ. ಒಂದೇ ವರ್ಷದಲ್ಲಿ ಎಬೊನೈಟಿಗೆ ಗುಳಿ! ನಮ್ಮ ಗುಡ್ಡದ ಕಡೆಯ ತೋಟಗಳಲ್ಲಿ ಇಳಿಸುವ ರಬ್ಬರ್ ಉಂಟಲ್ಲ, ಅಂಥದ್ದೇ ರಬ್ಬರಿಗೆ ಜಾಸ್ತಿ ಗಂಧಕ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ್ದು ಎಬೊನೈಟ್. ಹಲ್ಲಿಗಿಂತ ಮೆತ್ತಗೆ ನಿಜ, ವರ್ಷಗಳು ಕಳೆದಾಗ ಗುರುತು ಬೀಳುವುದು ಸಹಜ. ಆದರೆ ಒಂದು ವರ್ಷದಲ್ಲಿ ಗುಳಿ ಬಿದ್ದಿದೆ ಎಂದರೆ ನೀವು ಕಚ್ಚುತ್ತಿದ್ದೀರಿ. ಪ್ಯಾಚ್ ಅಂಟಿಸಿದರೆ ಇನ್ನು ಅದನ್ನು ಕಚ್ಚುತ್ತೀರಿ, ಅಷ್ಟೇ. ತಿಂಗಳಿಗೊಂದು ಪ್ಯಾಚ್ ತೂತು ಮಾಡುವವರನ್ನು ನೋಡಿದ್ದೇನೆ.

ನಿಮ್ಮ ಅಜ್ಜ ಈ ತಪ್ಪು ಮಾಡಿರಲಿಕ್ಕಿಲ್ಲ. ನಾಗಸ್ವರದ ಸೀವಾಳಿ, ಅಂದರೆ ಅದರ ರೀಡ್, ಹಿಡಿಯುವುದು ತುಟಿಯಲ್ಲಿ, ಅಲ್ಲಿ ಹಲ್ಲಿಗೆ ಕೆಲಸ ಇಲ್ಲ. ಸ್ಯಾಕ್ಸೋಫೋನ್ ವಿದ್ವಾಂಸ ಕದ್ರಿ ಗೋಪಾಲನಾಥರ ತಂದೆ ನಾಗಸ್ವರದವರು, ಗೋಪಾಲನಾಥರೂ ಮೊದಲು ಕಲಿತದ್ದು ನಾಗಸ್ವರವನ್ನೇ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದವರೆಗೆ ಹೋದ ಆ ಗಮಕದ ಹಿಂದೆ ತುಟಿಯ ಆ ಹಳೆಯ ಅಭ್ಯಾಸ ಇದ್ದೇ ಇತ್ತು ಎಂದು ನನ್ನ ಅನಿಸಿಕೆ. ಸ್ಯಾಕ್ಸೋಫೋನಿನಲ್ಲಿ ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಕೂರುತ್ತದೆ, ಸರಿ. ಅದು ಸುಮ್ಮನೆ ಕೂರಬೇಕು. ಕೆಳತುಟಿ, ಕೆಳದವಡೆ ಸಡಿಲ ಇದ್ದರೆ ತಾನೇ ಸ್ವರ ಜಾರಿಸಲು, ಕಂಪಿತ ಕೊಡಲು ಆಗುವುದು? ಎರಡೂ ಕಡೆಯಿಂದ ಇಕ್ಕಳದ ಹಾಗೆ ಒತ್ತಿ ಹಿಡಿದರೆ ತೋಡಿಯ ಗಾಂಧಾರ ಎಲ್ಲಿಂದ ಬರಬೇಕು?

ಕಚ್ಚುತ್ತಿದ್ದೀರೋ ಇಲ್ಲವೋ ನೋಡಲು ಸುಲಭದ ದಾರಿ ಉಂಟು. ಮೌತ್‌ಪೀಸ್ ಕಳಚಿ, ರೀಡ್ ಕಟ್ಟಿ, ಅದೊಂದನ್ನೇ ಊದಿ. ಎದುರಿಗೆ ಮೊಬೈಲಿನ ಟ್ಯೂನರ್ ಇಡಿ. ಆಲ್ಟೋ ಮೌತ್‌ಪೀಸಿನಲ್ಲಿ ಎ ಸ್ವರ, ಅಂದರೆ 880 ಹರ್ಟ್ಸ್ ಹತ್ತಿರ ಬರಬೇಕೆಂದು ಪಾಶ್ಚಾತ್ಯ ಶಾಸ್ತ್ರೀಯ ಶೈಲಿಯ ಗುರುಗಳು ಹೇಳಿಕೊಡುತ್ತಾರೆ. ಜಾಝ್ ಊದುವವರದ್ದು ಅದಕ್ಕಿಂತಲೂ ಕೆಳಗೆ. ನಿಮ್ಮದು ಅದಕ್ಕಿಂತ ಮೇಲೆ ಹೋಗಿ ಕೀರಲು ಸ್ವರ ಬಂದರೆ ಒತ್ತಡ ಜಾಸ್ತಿ ಎಂದೇ ಅರ್ಥ. ಇನ್ನೊಂದು, ಮಧ್ಯಸ್ಥಾಯಿಯ ಒಂದು ದೀರ್ಘ ಸ್ವರ ಊದುತ್ತಾ ಮೇಲಿನ ಹಲ್ಲನ್ನು ಕ್ಷಣಕಾಲ ಮೌತ್‌ಪೀಸಿನಿಂದ ಎತ್ತಿ. ಸ್ವರ ನಿಲ್ಲದೆ ಮುಂದುವರಿಯಬೇಕು. ಕಡಿದು ಹೋದರೆ, ನಿಮ್ಮ ಸ್ವರ ಹಲ್ಲಿನ ಬಲದಲ್ಲಿ ನಿಂತಿದೆ.

ಕಚ್ಚಲು ಕಾರಣ ಸ್ವಭಾವ ಮಾತ್ರ ಅಲ್ಲ. ಕುತ್ತಿಗೆಯ ಬೆಲ್ಟ್ ತಗ್ಗಿದ್ದರೆ ವಾದ್ಯ ಕೆಳಗೆ ಎಳೆಯುತ್ತದೆ. ಸುಮಾರು ಎರಡೂವರೆ ಕಿಲೋ ಭಾರ, ಅದು ಬಾಯಿಯಲ್ಲಿ ನೇತಾಡುತ್ತದೆ. ಬೆಲ್ಟ್ ಎರಡು ಬೆರಳು ಮೇಲೆ ಏರಿಸಿ, ತಲೆ ತಗ್ಗಿಸದೆಯೇ ಮೌತ್‌ಪೀಸ್ ಬಾಯಿಗೆ ಬರಬೇಕು. ಇನ್ನು ರೀಡ್. ನಂಬರ್ ಜಾಸ್ತಿ ಆದಷ್ಟೂ ಅದು ಗಟ್ಟಿ. ತಂಡದಲ್ಲಿ ಹಿರಿಯರು 3 ನಂಬರ್ ಊದುತ್ತಾರೆಂದು ನೀವೂ 3 ಹಾಕಿಕೊಂಡಿದ್ದರೆ 2.5ಕ್ಕೆ ಇಳಿಯಿರಿ. ಅದರಲ್ಲಿ ನಾಚಿಕೆ ಎಂತದ್ದು? ಮೆರವಣಿಗೆಯಲ್ಲಿ ಮೂರು ಗಂಟೆ ನಡೆಯುತ್ತಾ ಊದಬೇಕಾದವನ ತುಟಿ ಸೋಲುತ್ತದೆ. ತುಟಿ ಸೋತಾಗ ಹಲ್ಲು ಕೆಲಸಕ್ಕೆ ಇಳಿಯುತ್ತದೆ. ಕೆಳತುಟಿಯ ಒಳಗೆ ಹಲ್ಲಿನ ಗೀರು ಬಿದ್ದಿದ್ದರೆ ಅದೂ ಇದರದ್ದೇ ಗುರುತು.

ಅಂಟಿಸುವ ಕ್ರಮ: ಮೌತ್‌ಪೀಸನ್ನು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು. ಬಿಸಿನೀರು ತಾಗಿದರೆ ಎಬೊನೈಟ್ ಹಸಿರುಗಂದು ಬಣ್ಣಕ್ಕೆ ತಿರುಗಿ ಗಂಧಕದ ನಾತ ಹೊಡೆಯುತ್ತದೆ, ಬಿಸಿಲಲ್ಲಿ ಬಿಟ್ಟರೂ ಅದೇ ಗತಿ. ತುದಿಯಿಂದ ಒಂದೆರಡು ಮಿ.ಮೀ. ಹಿಂದೆ ಪ್ಯಾಚಿನ ಅಂಚು ಬರಲಿ, ತುದಿಯಿಂದ ಹೊರಗೆ ಚಾಚಬಾರದು. ಹಿಂದಿನ ಅಂಚು ಲಿಗೇಚರಿನ (ರೀಡ್ ಬಿಗಿಯುವ ಪಟ್ಟಿಯ) ಅಡಿಗೆ ಹೋಗಬಾರದು, ಉದ್ದ ಇದ್ದರೆ ಕತ್ತರಿಯಲ್ಲಿ ಕತ್ತರಿಸಿ. ನಡುವಿನಿಂದ ಅಂಚಿನ ಕಡೆಗೆ ಒತ್ತಿ ಗಾಳಿಗುಳ್ಳೆ ಬಿಡಿಸಿ, ಒಂದು ರಾತ್ರಿ ಹಾಗೇ ಬಿಡಿ. ಕ್ಯಾಪ್ ಹಾಕುವಾಗ ಅಂಚು ಒರೆಸದ ಹಾಗೆ ನೋಡಿಕೊಳ್ಳಿ. ಎಷ್ಟೋ ಪ್ಯಾಚ್ ಏಳುವುದು ಕ್ಯಾಪ್ ತಾಗಿಯೇ.

ನಮ್ಮ ಕಡೆ ಮಳೆಗಾಲದ ತೇವಕ್ಕೆ ಅಂಟು ಬೇಗ ಸಡಿಲವಾಗುತ್ತದೆ. ಹೇಗೂ ಮೇ ಕೊನೆಯ ಪತ್ತನಾಜೆ ಕಳೆದ ಮೇಲೆ ಉತ್ಸವಗಳಿಲ್ಲ, ವಾದ್ಯಕ್ಕೂ ಬಿಡುವು. ಆಗ ಹಳೆಯ ಪ್ಯಾಚ್ ಕಿತ್ತುಬಿಡಿ. ಉಳಿದ ಅಂಟಿಗೆ ಬಟ್ಟೆಯಲ್ಲಿ ಎರಡು ಹನಿ ತೆಂಗಿನೆಣ್ಣೆ ಹಾಕಿ ಉಜ್ಜಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ. ಬ್ಲೇಡಿನಿಂದ ಕೆರೆಯಬೇಡಿ. ಕಾಸರಗೋಡಿನಲ್ಲಿ ಪ್ಯಾಚ್ ಸಿಗದಿದ್ದರೆ ಮಂಗಳೂರಿನ ವಾದ್ಯದ ಅಂಗಡಿಗಳಲ್ಲಿ ಕೇಳಿ, ಇಲ್ಲವೇ ಆನ್‌ಲೈನಿನಲ್ಲಿ ತರಿಸಿ. ಆರರ ಒಂದು ಪ್ಯಾಕೆಟ್ಟನ್ನು ಮೂರು ಜನ ಹಂಚಿಕೊಂಡರೂ ನಡೆಯುತ್ತದೆ.

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ, ಶಾಲೆಯ ವಾದ್ಯದಲ್ಲಿ ಕಲಿಯುತ್ತಿದ್ದಾಳೆ. ಹೋದ ತಿಂಗಳು ಹಲ್ಲಿಗೆ ಕ್ಲಿಪ್ ಹಾಕಿಸಿದೆವು. ಊದುವಾಗ ನೋವು ಅನ್ನುತ್ತಾಳೆ. ಪ್ಯಾಚ್ ಹಾಕಿದರೆ ಸರಿಯಾದೀತೇ? – ಓದುಗರೊಬ್ಬರು, ಮಂಜೇಶ್ವರ

ಉತ್ತರ: ಮೇಲಿನ ಹಲ್ಲಿನ ನೋವಿಗೆ ಸಹಾಯ ಆದೀತು. ಅವಳಿಗೆ ಮಾತ್ರ ನಾನು ನೇರವಾಗಿ 0.8ರ ಮೆತ್ತನೆಯದನ್ನೇ ಹೇಳುತ್ತೇನೆ. ಆದರೆ ಕ್ಲಿಪ್ ಇರುವ ಮಕ್ಕಳಿಗೆ ಜಾಸ್ತಿ ತೊಂದರೆ ಕೆಳಗಡೆ. ಕೆಳತುಟಿ ಒಳಕ್ಕೆ ಮಡಚಿ ಹಲ್ಲಿನ ಮೇಲೆ ಕೂರುತ್ತದಲ್ಲ, ಅಲ್ಲಿ ತಂತಿ ಉಜ್ಜಿ ಗಾಯ ಆಗುತ್ತದೆ. ಅದಕ್ಕೆ ಮೌತ್‌ಪೀಸಿನ ಮೇಲಿನ ಪ್ಯಾಚ್ ಏನೂ ಮಾಡದು. ಕ್ಲಿಪ್ಪಿನ ಮೇಲೆ ಹಚ್ಚುವ ಮೇಣ ಸಿಗುತ್ತದೆ, ಕ್ಲಿಪ್ ಹಾಕಿದ ಡಾಕ್ಟರನ್ನೇ ಕೇಳಿ. ಪ್ರತಿ ಸಲ ಕ್ಲಿಪ್ ಬಿಗಿ ಮಾಡಿಸಿದ ಮೇಲೆ ಎರಡು ಮೂರು ದಿನ ಊದುವುದು ಬೇಡ, ಬೆರಳಿನ ಪಾಠ ಮಾತ್ರ ಮಾಡಲಿ. ಶಾಲೆಯ ವಾದ್ಯ ಅಂದಿರಿ. ನಾಲ್ಕು ಮಕ್ಕಳು ಊದುವ ಮೌತ್‌ಪೀಸಿಗೆ ಪ್ಯಾಚ್ ಅಂಟಿಸಿ ಬಿಡಬೇಡಿ, ಅಂಚಿನಲ್ಲಿ ಕೊಳೆ ಕೂರುತ್ತದೆ. ಆಗುವುದಾದರೆ ಮಗಳಿಗೆ ಸಾದಾ ಪ್ಲಾಸ್ಟಿಕ್ ಮೌತ್‌ಪೀಸ್ ಒಂದನ್ನು ಬೇರೆಯೇ ಕೊಡಿಸಿ. ಅದಕ್ಕೆ ಬೇಕಾದ ಪ್ಯಾಚ್ ಅಂಟಿಸಬಹುದು.

ಪ್ರಶ್ನೆ: ನನಗೆ 63. ಮೇಲಿನ ಸಾಲು ಪೂರ್ತಿ ಕಟ್ಟಿಸಿದ ಹಲ್ಲು. ಊದುವಾಗ ಸೆಟ್ ಅಲುಗಾಡುತ್ತದೆ. – ಓದುಗರೊಬ್ಬರು, ಬದಿಯಡ್ಕ

ಉತ್ತರ: ಮೊದಲು ಸೆಟ್ ಬಿಗಿ ಮಾಡಿಸಿ. ಡಾಕ್ಟರ ಬಳಿ ಹೋಗುವಾಗ ಮೌತ್‌ಪೀಸ್ ಜೇಬಿನಲ್ಲಿ ತೆಗೆದುಕೊಂಡು ಹೋಗಿ, ಹೇಗೆ ಹಿಡಿಯುತ್ತೀರಿ ಎಂದು ತೋರಿಸಿ. ಬಾಯಿಮಾತಲ್ಲಿ ಹೇಳಿದರೆ ಅವರಿಗೆ ಅಂದಾಜು ಸಿಗುವುದಿಲ್ಲ. ಆಮೇಲೆ ಪ್ಯಾಚ್: ದಪ್ಪದ್ದು ನಡುಕ ತಗ್ಗಿಸುತ್ತದೆ, ಆದರೆ ಬಾಯಿ ಜಾಸ್ತಿ ತೆರೆದಷ್ಟೂ ಸೆಟ್ ಕೆಳಗೆ ಬರುವ ಸಾಧ್ಯತೆಯೂ ಜಾಸ್ತಿ. 0.5 ಸಿಕ್ಕಿದರೆ ಅದನ್ನು ಹಾಕಿ ನೋಡಿ. ಮೌತ್‌ಪೀಸನ್ನು ಬಾಯಿಯೊಳಗೆ ಈಗಿನದಕ್ಕಿಂತ ಕೂದಲೆಳೆಯಷ್ಟು ಕಡಿಮೆ ತೆಗೆದುಕೊಳ್ಳಿ, ಬಲಗೈ ಹೆಬ್ಬೆರಳಿನಿಂದ ವಾದ್ಯವನ್ನು ಮೇಲಕ್ಕೆ ಎತ್ತಿ ಒತ್ತಬೇಡಿ. ಸೆಟ್ಟನ್ನು ಸಡಿಲ ಮಾಡುವುದು ಹೆಚ್ಚಾಗಿ ಆ ಹೆಬ್ಬೆರಳೇ.