ಓದುಗರ ಪ್ರಶ್ನೆ: ಬಿಲ್ಡ್ ಫೈಲಿನೊಳಗೆ ಪಠ್ಯವನ್ನು ಬದಲಿಸುವುದು ಹೇಗೆ?

ಪ್ರಶ್ನೆ: ರಾಜಾಜಿನಗರದ ನಮ್ಮ ಸಣ್ಣ ಕಚೇರಿಯಲ್ಲಿ ಸಹಕಾರ ಸಂಘಗಳಿಗೆ ಬೇಕಾದ ಲೆಕ್ಕಪತ್ರದ ತಂತ್ರಾಂಶವನ್ನು ತಯಾರಿಸುತ್ತೇವೆ. ಬಿಲ್ಡ್, ಅಂದರೆ ಕೋಡಿನಿಂದ ತಂತ್ರಾಂಶವನ್ನು ಕಟ್ಟುವ ಕೆಲಸ, ಇಂದಿಗೂ ಅಪಾಚೆ ಆಂಟ್ ಎಂಬ ಸಾಧನದಲ್ಲಿಯೇ ನಡೆಯುತ್ತದೆ. ಗಿಟ್ ಬ್ರಾಂಚಿನ (ಕೋಡಿನ ಬದಲಾವಣೆಗಳನ್ನು ಕಾದಿಡುವ ಗಿಟ್ ತಂತ್ರಾಂಶದಲ್ಲಿನ ಒಂದು ಕವಲಿನ) ಹೆಸರಿನಲ್ಲಿರುವ ಸ್ಲ್ಯಾಶ್‌ಗಳನ್ನು ಹೈಫನ್‌ಗಳಾಗಿ ಬದಲಿಸಿ ಜಿಪ್ ಫೈಲಿನ ಹೆಸರಿಗೆ ಸೇರಿಸಲು ಬಿಲ್ಡ್ ಫೈಲಿನೊಳಗೇ ಒಂದು ಚಿಕ್ಕ ಜಾವಾಸ್ಕ್ರಿಪ್ಟ್ ಇದೆ. ಜಾವಾ 8ರಿಂದ 17ಕ್ಕೆ ಬಂದ ಮೇಲೆ, ಸ್ಕ್ರಿಪ್ಟ್ ಎಂಜಿನ್ ಸಿಗಲಿಲ್ಲವೆಂದು ಬಿಲ್ಡ್ ಅರ್ಧಕ್ಕೇ ನಿಲ್ಲುತ್ತಿದೆ. ಏನು ಮಾಡಬೇಕು?

ಉತ್ತರ: ತಪ್ಪು ನಿಮ್ಮ ಸ್ಕ್ರಿಪ್ಟಿನಲ್ಲಿಲ್ಲ. ಆಂಟ್‌ನ ‘ಸ್ಕ್ರಿಪ್ಟ್’ ಟ್ಯಾಗ್ ಜಾವಾಸ್ಕ್ರಿಪ್ಟನ್ನು ತಾನೇ ನಡೆಸುವುದಿಲ್ಲ. ಜಾವಾದಲ್ಲಿ ಲಭ್ಯವಿರುವ ಎಂಜಿನ್‌ಗೆ ಆ ಕೆಲಸವನ್ನು ಒಪ್ಪಿಸುತ್ತದೆ. ಜಾವಾ 6ರ ಜೊತೆಗೆ ರೈನೋ ಎಂಬ ಎಂಜಿನ್ ಬರುತ್ತಿತ್ತು, 2014ರಲ್ಲಿ ಬಂದ ಜಾವಾ 8ರಲ್ಲಿ ಅದರ ಜಾಗಕ್ಕೆ ನ್ಯಾಶಾರ್ನ್ ಬಂತು, ಜಾವಾ 11ರಲ್ಲಿ ಅದನ್ನು ಮುಂದೆ ಕೈಬಿಡಲಾಗುವುದೆಂದು ಪ್ರಕಟಿಸಿ, 2020ರ ಜಾವಾ 15ರಲ್ಲಿ ತೆಗೆದೇ ಹಾಕಿದರು. ನೀವು 8ರಿಂದ ನೇರವಾಗಿ 17ಕ್ಕೆ ಬಂದದ್ದರಿಂದ ನಡುವಿನ ಎಚ್ಚರಿಕೆಗಳು ನಿಮ್ಮ ಕಣ್ಣಿಗೆ ಬಿದ್ದಿಲ್ಲ.

ನ್ಯಾಶಾರ್ನ್ ಈಗ ಪ್ರತ್ಯೇಕ ಜಾರ್ ಫೈಲಾಗಿ ಸಿಗುತ್ತದೆ. ಅದನ್ನೂ ಅದಕ್ಕೆ ಬೇಕಾದ ಎಎಸ್‌ಎಂ ಜಾರ್‌ಗಳನ್ನೂ ಆಂಟ್‌ನ ಲಿಬ್ ಫೋಲ್ಡರಿನಲ್ಲಿಟ್ಟರೆ ಬಿಲ್ಡ್ ಮತ್ತೆ ನಡೆಯುತ್ತದೆ. ಆದರೆ ಇದನ್ನು ತಂಡದ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿಯೂ ಸರ್ವರಿನಲ್ಲಿಯೂ ಮಾಡಬೇಕಾಗುವುದರಿಂದ, ಒಂದು ಚಿಹ್ನೆಯನ್ನು ಬದಲಿಸುವ ಕೆಲಸಕ್ಕೆ ಈ ಹೊರೆಯನ್ನು ಹೊರಬೇಡಿ ಎಂಬುದು ನನ್ನ ಸಲಹೆ.

ಸ್ಕ್ರಿಪ್ಟ್ ಇಲ್ಲದೆಯೇ ಇದು ಸಾಧ್ಯ. ಆಂಟ್ 1.7ರಿಂದ ‘ಲೋಡ್‌ರಿಸೋರ್ಸ್’ ಎಂಬ ಟಾಸ್ಕ್ ಇದೆ. ಅದರೊಳಗೆ ‘ಪ್ರಾಪರ್ಟಿರಿಸೋರ್ಸ್’ ಟ್ಯಾಗಿನಲ್ಲಿ ಬ್ರಾಂಚಿನ ಹೆಸರಿರುವ ಪ್ರಾಪರ್ಟಿಯನ್ನು (ಆಂಟ್‌ನಲ್ಲಿ ಒಂದು ಬೆಲೆಯನ್ನು ಹಿಡಿದಿಡುವ ಹೆಸರನ್ನು) ಸೂಚಿಸಿ, ‘ಫಿಲ್ಟರ್‌ಚೈನ್’, ಅದರೊಳಗೆ ‘ಟೋಕನ್‌ಫಿಲ್ಟರ್’, ಅದರೊಳಗೆ ‘ರಿಪ್ಲೇಸ್‌ಸ್ಟ್ರಿಂಗ್’ ಇಟ್ಟು, ಯಾವುದನ್ನು ಯಾವುದಾಗಿ ಬದಲಿಸಬೇಕೆಂದು ಬರೆದರೆ ಹೊಸ ಪ್ರಾಪರ್ಟಿಯಲ್ಲಿ ಹೈಫನ್ ಇರುವ ಹೆಸರು ಸಿಗುತ್ತದೆ. ಬದಲಾಗಿ ‘ರಿಪ್ಲೇಸ್‌ರಿಜೆಕ್ಸ್’ ಬಳಸುವುದಾದರೆ ಫ್ಲ್ಯಾಗ್ ಜಾಗದಲ್ಲಿ ‘ಜಿ’ ಕೊಡಲು ಮರೆಯಬೇಡಿ. ಇಲ್ಲವಾದರೆ ಮೊದಲ ಸ್ಲ್ಯಾಶ್ ಮಾತ್ರ ಬದಲಾಗುತ್ತದೆ.

ನಿಜವಾದ ತರ್ಕ ಬೇಕಾದಾಗ, ಉದಾಹರಣೆಗೆ ಬ್ರಾಂಚ್ ಯಾವುದೆಂದು ನೋಡಿ ಹೆಸರನ್ನು ಬೇರೆ ಬೇರೆ ರೀತಿಯಲ್ಲಿ ಕಟ್ಟಬೇಕಾದಾಗ, ಸ್ಕ್ರಿಪ್ಟ್ ಬರೆಯುವುದೇ ಸರಿ. ಆಗ ಅದನ್ನು ಸಿಡೇಟಾ ವಿಭಾಗದೊಳಗೆ (ಒಳಗಿರುವುದನ್ನು ಟ್ಯಾಗೆಂದು ಓದದೆ ಬರಿಯ ಪಠ್ಯವೆಂದು ಬಿಡುವ ವಿಭಾಗ) ಬರೆಯಿರಿ. ಇಲ್ಲವಾದರೆ ಲೂಪಿನ ‘ಕಡಿಮೆ’ (<) ಚಿಹ್ನೆಯನ್ನು ಎಕ್ಸ್‌ಎಂಎಲ್ ಪಾರ್ಸರ್ ಹೊಸ ಟ್ಯಾಗೆಂದು ತಿಳಿದು ಬಿಲ್ಡ್ ಫೈಲನ್ನೇ ತಿರಸ್ಕರಿಸುತ್ತದೆ. ಹೆಸರಿನಲ್ಲಿ ಚುಕ್ಕೆಯಿರುವ ಪ್ರಾಪರ್ಟಿಗಳು ಸ್ಕ್ರಿಪ್ಟಿನೊಳಗೆ ನೇರವಾಗಿ ವೇರಿಯಬಲ್‌ಗಳಾಗಿ ದೊರೆಯುವುದಿಲ್ಲ, ಪ್ರಾಜೆಕ್ಟಿನ ‘ಗೆಟ್‌ಪ್ರಾಪರ್ಟಿ’ಯಿಂದ ಪಡೆಯಬೇಕು. ಮರಳಿ ಬರೆಯುವಾಗ ‘ಸೆಟ್‌ನ್ಯೂಪ್ರಾಪರ್ಟಿ’ಯನ್ನೇ ಬಳಸಿ. ಒಮ್ಮೆ ಕೊಟ್ಟ ಬೆಲೆ ಬದಲಾಗದು ಎಂಬುದು ಆಂಟ್ ಪ್ರಾಪರ್ಟಿಗಳ ಮೂಲ ನಿಯಮ. ‘ಸೆಟ್‌ಪ್ರಾಪರ್ಟಿ’ ಅದನ್ನು ಮುರಿಯುತ್ತದೆ, ಹಾಗೆ ಮುರಿದ ಫೈಲಿನಲ್ಲಿ ಯಾವ ಬೆಲೆ ಎಲ್ಲಿಂದ ಬಂತೆಂದು ಹುಡುಕುವುದು ಬಹಳ ಕಷ್ಟ.

ಪ್ರಶ್ನೆ: ಆಂಟ್‌ನ ‘ರಿಪ್ಲೇಸ್’ ಟಾಸ್ಕಿನಿಂದ ಆವೃತ್ತಿ ಸಂಖ್ಯೆಯನ್ನು ಬದಲಿಸಿದ ನಂತರ ನಮ್ಮ ಕನ್ನಡ ಸಂದೇಶಗಳ ಯುಟಿಎಫ್-8 ಫೈಲು ಕೆಡುತ್ತದೆ. ವಿಚಿತ್ರವೆಂದರೆ ‘ಜಯನಗರ’ ಸರಿಯಾಗಿಯೇ ಉಳಿಯುತ್ತದೆ, ‘ಬೆಂಗಳೂರು’ ಮತ್ತು ‘ಕನ್ನಡ’ ಎಂಬಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಲಿನಕ್ಸ್ ಸರ್ವರಿನಲ್ಲಿ ಹೀಗಾಗುವುದಿಲ್ಲ, ವಿಂಡೋಸ್‌ನಲ್ಲಿ ಮಾತ್ರ ಆಗುತ್ತದೆ. (ಬಸವನಗುಡಿಯ ಓದುಗರು)

ಉತ್ತರ: ನೀವು ಗಮನಿಸಿದ ವ್ಯತ್ಯಾಸದಲ್ಲಿಯೇ ಕಾರಣವಿದೆ. ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ಯಾವುದೆಂದು ಹೇಳದಿದ್ದರೆ ‘ರಿಪ್ಲೇಸ್’ ಆ ಕಂಪ್ಯೂಟರಿನ ರೂಢಿಯ ಎನ್‌ಕೋಡಿಂಗನ್ನು ಬಳಸುತ್ತದೆ, ಇಂಗ್ಲಿಷ್ ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ವಿಂಡೋಸ್-1252. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟುಗಳು. ವಿಂಡೋಸ್-1252 ಅವನ್ನು ಮೂರು ಬೇರೆ ಅಕ್ಷರಗಳೆಂದು ಓದಿ ಹಾಗೆಯೇ ಮರಳಿ ಬರೆಯುವುದರಿಂದ ಹೆಚ್ಚಿನ ಅಕ್ಷರಗಳು ಆಕಸ್ಮಿಕವಾಗಿ ಉಳಿದುಕೊಳ್ಳುತ್ತವೆ. ಆದರೆ ವಿಂಡೋಸ್-1252ರ ಪಟ್ಟಿಯಲ್ಲಿ ಐದು ಬೈಟುಗಳಿಗೆ ಅಕ್ಷರವೇ ಇಲ್ಲ (ಹದಿನಾರರ ಪದ್ಧತಿಯ ಸಂಖ್ಯೆಗಳಲ್ಲಿ): 81, 8ಡಿ, 8ಎಫ್, 90 ಮತ್ತು 9ಡಿ. ಉಕಾರದ ಚಿಹ್ನೆಯ ಕೊನೆಯ ಬೈಟು 81, ಒತ್ತಕ್ಷರಗಳನ್ನು ಕಟ್ಟುವ ಹಲಂತದ ಕೊನೆಯ ಬೈಟು 8ಡಿ. ಹೀಗಾಗಿ ‘ಬೆಂಗಳೂರು’ವಿನ ಕೊನೆಯ ಉಕಾರವೂ ‘ಕನ್ನಡ’ದ ನಡುವಿನ ಹಲಂತವೂ ಕೆಡುತ್ತವೆ, ‘ಜಯನಗರ’ದಲ್ಲಿ ಅಂಥ ಚಿಹ್ನೆ ಒಂದೂ ಇಲ್ಲ. ಏ, ಐ, ಝ ಅಕ್ಷರಗಳೂ ಇದೇ ರೀತಿ ಕೆಡುತ್ತವೆ, ಪರೀಕ್ಷಿಸಿ ನೋಡಿ.

ಟಾಸ್ಕಿನ ‘ಎನ್‌ಕೋಡಿಂಗ್’ ಜಾಗದಲ್ಲಿ ಯುಟಿಎಫ್-8 ಎಂದು ಬರೆದರೆ ತೊಂದರೆ ತೀರುತ್ತದೆ. ಜಾವಾ 18ರಿಂದ ರೂಢಿಯ ಎನ್‌ಕೋಡಿಂಗ್ ಎಲ್ಲೆಡೆ ಯುಟಿಎಫ್-8 ಆಗಿದೆ, ಆದರೂ ಹಳೆಯ ಜಾವಾ ಇರುವ ಒಂದೇ ಒಂದು ಕಂಪ್ಯೂಟರ್ ಸಾಕು ಫೈಲನ್ನು ಕೆಡಿಸಲು. ಆದ್ದರಿಂದ ಪ್ರತಿ ಟಾಸ್ಕಿನಲ್ಲಿಯೂ ಸ್ಪಷ್ಟವಾಗಿ ಬರೆಯಿರಿ. ಇದಕ್ಕಿಂತ ಮುಖ್ಯವಾಗಿ, ‘ರಿಪ್ಲೇಸ್’ ಮೂಲ ಫೈಲಿನ ಮೇಲೆಯೇ ಬರೆಯುತ್ತದೆ. ಸಂದೇಶಗಳ ಫೈಲನ್ನು ಹಾಗೆ ಒಡ್ಡಬೇಡಿ. ‘ಕಾಪಿ’ ಟಾಸ್ಕಿನೊಳಗೆ ‘ಫಿಲ್ಟರ್‌ಸೆಟ್’ ಇಟ್ಟು, ಬಿಲ್ಡ್ ಫೋಲ್ಡರಿಗೆ ಹೋಗುವ ಪ್ರತಿಯಲ್ಲಿ ಮಾತ್ರ ಆವೃತ್ತಿ ಸಂಖ್ಯೆಯನ್ನು ತುಂಬಿರಿ. ಆ ಕಾಪಿಯಲ್ಲಿ ಚಿತ್ರಗಳನ್ನು ಸೇರಿಸಬೇಡಿ, ಫಿಲ್ಟರ್ ಹಾದುಹೋದ ಬೈನರಿ ಫೈಲುಗಳು ಹಾಳಾಗುತ್ತವೆ.

ಪ್ರಶ್ನೆ: ಗ್ರೇಡಲ್ ಎಂಬ ಇನ್ನೊಂದು ಬಿಲ್ಡ್ ಸಾಧನಕ್ಕೆ ಹೋದರೆ ಇವೆಲ್ಲ ತಪ್ಪುತ್ತವೆಯೇ?

ಉತ್ತರ: ಅರ್ಧ ಮಾತ್ರ. ಗ್ರೇಡಲ್‌ನ ಬಿಲ್ಡ್ ಫೈಲನ್ನು ಗ್ರೂವಿ ಅಥವಾ ಕಾಟ್ಲಿನ್ ಭಾಷೆಯಲ್ಲಿಯೇ ಬರೆಯುವುದರಿಂದ ಸ್ಲ್ಯಾಶ್ ಬದಲಿಸಲು ಬೇರೆ ಎಂಜಿನ್ ಬೇಕಿಲ್ಲ. ಎನ್‌ಕೋಡಿಂಗಿನ ಜವಾಬ್ದಾರಿ ಮಾತ್ರ ಅಲ್ಲಿಯೂ ನಿಮ್ಮದೇ: ಪಠ್ಯವನ್ನು ಬದಲಿಸುವ ಕಾಪಿ ಟಾಸ್ಕ್‌ಗಳಲ್ಲಿ ‘ಫಿಲ್ಟರಿಂಗ್‌ಚಾರ್‌ಸೆಟ್’ಗೆ ಯುಟಿಎಫ್-8 ಎಂದು ಕೊಡಿ.